ಬಸ್ ಉಂಟು, ಉಂತುವುದಿಲ್ಲ

ಗೋಳಿಕಟ್ಟೆ, ಶಿರ್ವ
೧೮ ಜೂನ್ ೧೯೭೮

ಪ್ರೀತಿಯ ಉಮಾನಾಥ,

ನಾನು ಬದುಕಿದ್ದೇನೆ ಅಂತ ತಿಳಿಸಲು ಮೊದಲ ಸಾಲು. ನೀನು ಬೊಂಬಾಯಿಯಲ್ಲಿ ಬದುಕಿದ್ದೀಯಾ ಅಂತ ಕೇಳಲು ಎರಡನೆಯದು. ಮರ್ಯಾದೆ ಮುಗಿಯಿತು, ಇನ್ನು ವಿಷಯ.

ನಮ್ಮಲ್ಲಿ ಒಂದು ಸಮಿತಿ ಹುಟ್ಟಿದೆ. ಗೋಳಿಕಟ್ಟೆ ರಸ್ತೆ ಸುರಕ್ಷಾ ಸಮಿತಿ. ಶಾಲೆಯ ಲಿಡ್ವಿನ್ ಟೀಚರ್ ಕಾರ್ಯದರ್ಶಿ, ನಾನು ಅಧ್ಯಕ್ಷ. ಮೀಟಿಂಗಿಗೆ ಮನೆಯಿಂದ ಕುರ್ಚಿ ತಂದವನು ನಾನೊಬ್ಬನೇ, ಅದಕ್ಕೆ. ಸಮಿತಿ ಅಂದ ಮೇಲೆ ಮಿತಿ ಉಂಟಲ್ಲ, ಸದ್ಯಕ್ಕೆ ನಮ್ಮ ಬೇಡಿಕೆ ಎರಡೇ. ತಿರುವಿನಲ್ಲಿ ಒಂದು ಉಬ್ಬು ಬೇಕು, ಬಸ್ ನಿಲ್ಲಬೇಕು.

ನಿನಗೆ ಗೊತ್ತುಂಟಲ್ಲ, ಉಡುಪಿಯಿಂದ ಕಾಪು, ಶಿರ್ವ ಮೇಲಿಂದ ಕಾರ್ಕಳಕ್ಕೆ ಹೋಗುವುದು ಎರಡು ಕಂಪೆನಿ, ಒಂದು ಕೆಂಪು ಬಸ್, ಒಂದು ನೀಲಿ. ಈಗ ಒಂದರ ಬಾಲಕ್ಕೆ ಒಂದು ಟೈಮಿಂಗ್ ಕೊಟ್ಟಿದ್ದಾರೆ. ಬೆಳ್ಮಣ್ಣಿಗೆ ಯಾರು ಮೊದಲು ಮುಟ್ಟುತ್ತಾರೋ ಜನ ಅವರಿಗೆ. ಹಾಗಾಗಿ ಶಿರ್ವ ದಾಟಿದ ಮೇಲೆ ಎರಡೂ ಕಂಬಳದ ಕೋಣಗಳು. ಶಾಲೆ ಮಕ್ಕಳು ಹಾರನ್ ಕೇಳಿದರೆ ಚರಂಡಿಗೆ ಹಾರುತ್ತಾರೆ. ಪಾಠಕ್ಕಿಂತ ಅದನ್ನೇ ಚೆನ್ನಾಗಿ ಕಲಿತಿದ್ದಾರೆ ಅಂತ ಟೀಚರ್ ದೂರು.

ನೋಡು ಮಾರಾಯ, ಕನ್ನಡದಲ್ಲಿ ನಾವು ಉಂಟು ಅನ್ನುತ್ತೇವೆ, ಅಂದರೆ ಇದೆ. ನಿಮ್ಮ ತುಳುವಿನಲ್ಲಿ ಉಂತು ಅನ್ನುತ್ತೀರಿ, ಅಂದರೆ ನಿಲ್ಲು. ನಡುವೆ ಒಂದೇ ಅಕ್ಷರ. ಆ ಅಕ್ಷರದಲ್ಲಿ ನಮ್ಮ ಊರೇ ಸಿಕ್ಕಿ ಬಿದ್ದಿದೆ. ನಮ್ಮಲ್ಲಿ ಬಸ್ ಉಂಟು, ಉಂತುವುದಿಲ್ಲ.

ಮನವಿಯನ್ನು ಕಾರ್ಕಳದಲ್ಲಿ ಟೈಪು ಮಾಡಿಸಿದೆವು. ಟೈಪಿನವನು ‘ನಮ್ಮ ರಸ್ತೆಗೆ ಒಂದು ಹುಬ್ಬು ಮಂಜೂರು ಮಾಡಬೇಕು’ ಅಂತ ಕುಟ್ಟಿದ. ರಸ್ತೆ ಆಫೀಸಿನ ಸಾಹೇಬರು ಓದಿ ತಮ್ಮದೇ ಹುಬ್ಬು ಏರಿಸಿದರು. ‘ಮೀಸೆ ಬೇಡವಾ?’ ಅಂತ ಕೇಳಿದರು. ನನಗೆ ನಗು ಬಂತು, ಟೀಚರ್ ನನ್ನ ಕಾಲು ಮೆಟ್ಟಿದರು.

ನಿನ್ನ ತಂಗಿ ಸುಗಂಧಿ ಕ್ಷೇಮ. ಮಣಿಪಾಲದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ದಿನಾ ಸಂಜೆ ಕೆಂಪು ಬಸ್ಸಿನಲ್ಲಿ ಬರುತ್ತಾಳೆ. ಇಳಿಯುವುದರಲ್ಲಿ ಬಹಳ ಹುಷಾರಿ.

ನಿನ್ನ
ಸಿಲ್ವೆಸ್ಟರ್

*

ಘಾಟ್‌ಕೋಪರ್, ಬೊಂಬಾಯಿ
೯ ಜುಲೈ ೧೯೭೮

ಸಿಲ್ವುಮಾಮನಿಗೆ,

ನಿಮ್ಮ ಪತ್ರವನ್ನು ಇಲ್ಲಿ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಜೊತೆ ಪೈಂಟಿನ ಡಬ್ಬಿ ಹಿಡಿದುಕೊಂಡು ಬೋರ್ಡು ಬರೆಯಲು ತಿರುಗುತ್ತಿದ್ದ ದಿನಗಳು ನೆನಪಾದವು. ಬೀಗರ ಮನೆಯ ಬೋರ್ಡಿನಲ್ಲಿ ‘ಸುಸ್ವಾಗತ’ ಬರೆಯುವಲ್ಲಿ ‘ಸುಸ್ತಾಗತ’ ಅಂತ ಬರೆದು ಓಡಿದವರು ನಾವು.

ಆದರೆ ಮಾಮ, ಇಳಿಯುವುದರಲ್ಲಿ ಹುಷಾರಿ ಅಂದರೆ ಎಂತ? ಇಳಿಯಲು ಹುಷಾರು ಯಾಕೆ ಬೇಕು? ಸುಗಂಧಿ ಬರೆಯುತ್ತಾಳೆ, ಡ್ರೈವರ್ ಭೋಜ ಮನೆಯ ಎದುರೇ ನಿಲ್ಲಿಸುತ್ತಾನೆ, ನಾನು ರಾಣಿಯ ಹಾಗೆ ಇಳಿಯುತ್ತೇನೆ ಅಂತ. ನೀವು ಬರೆಯುತ್ತೀರಿ ಬಸ್ ನಿಲ್ಲುವುದೇ ಇಲ್ಲ ಅಂತ. ಯಾವುದು ತಮಾಷೆ, ಯಾವುದು ನಿಜ?

ಅಮ್ಮನಿಗೆ ಮೊದಲಿನಿಂದಲೂ ಅವಳ ಕೆಲಸ ಇಷ್ಟ ಇಲ್ಲ. ಹುಡುಗಿ ದಿನಾ ಮಸುಕಿಗೆ ಮನೆಗೆ ಬರುವುದು ಅಂದರೆ ಹೇಗೆ ಅಂತ. ನಾನು ಹಟ ಮಾಡಿ ನರ್ಸಿಂಗ್ ಓದಿಸಿದವನು. ಬಸ್ಸಿನದ್ದು ಏನಾದರೂ ತಕರಾರು ಇದ್ದರೆ ಒಂದು ಸಾಲು ಬರೆಯಿರಿ. ಅವಳು ಕೆಲಸ ಬಿಟ್ಟು ಮನೆಯಲ್ಲಿ ಕೂರಲಿ. ನೀವು ನೋಡಿ ಹೇಳಿದರೆ ನನಗೆ ಸಾಕು, ಬೇರೆ ಯಾರನ್ನೂ ಕೇಳುವುದಿಲ್ಲ.

ಉಮಾನಾಥ

*

ಗೋಳಿಕಟ್ಟೆ
೨ ಅಕ್ಟೋಬರ್ ೧೯೭೮

ಪ್ರೀತಿಯ ಉಮಾನಾಥ,

ತಡವಾಯಿತು. ನಿನ್ನ ಪ್ರಶ್ನೆಗೆ ಉತ್ತರ: ಅವಳು ರಾಣಿಯ ಹಾಗೆಯೇ ಇಳಿಯುತ್ತಾಳೆ. ರಾಣಿಯರು ಹೇಗೆ ಇಳಿಯುತ್ತಾರೆ ಅಂತ ನಾನು ನೋಡಿದವನಲ್ಲ.

ಆಗಸ್ಟಿನಲ್ಲಿ ನಾವೆಲ್ಲ ರಸ್ತೆಗೆ ಅಡ್ಡ ಕೂತೆವು. ಬೀಡಿ ಕಟ್ಟುವ ಹೆಂಗಸರು ಎಲೆ, ಹೊಗೆಸೊಪ್ಪು ತುಂಬಿದ ಸೂಪು ಸಮೇತ ಬಂದು ಅಲ್ಲೇ ಕೂತು ಬೀಡಿ ಕಟ್ಟಿದರು. ಪೊಲೀಸರು ಬಂದರು, ಕೆಂಪು ಕಂಪೆನಿಯ ಧಣಿ ಬಂದರು, ‘ನಾಳೆಯಿಂದ ನಿಲ್ಲಿಸುತ್ತೇವೆ’ ಅಂದರು. ಆ ನಾಳೆ ಇನ್ನೂ ಬರುವ ದಾರಿಯಲ್ಲಿ ಉಂಟು, ಬಸ್ ಸಿಗಲಿಲ್ಲವೋ ಏನೋ.

ಆಮೇಲೆ ಟೀಚರ್ ಮತ್ತು ನಾನು ಮತ್ತೆ ಕಾರ್ಕಳದ ಸಾಹೇಬರ ಹತ್ತಿರ ಹೋದೆವು. ಅವರು ಫೈಲು ಬಿಡಿಸಿ ಕೇಳಿದರು, ‘ಆ ತಿರುವಿನಲ್ಲಿ ಸತ್ತವರು ಎಷ್ಟು?’

‘ಯಾರೂ ಇಲ್ಲ ಸರ್. ಸಾಯಬಾರದು ಅಂತ ತಾನೆ ಉಬ್ಬು ಕೇಳುವುದು’ ಅಂದರು ಟೀಚರ್.

‘ಹಾಗೆ ಕೊಡಲು ಬರುವುದಿಲ್ಲ ಟೀಚರೇ. ಅಪಾಯ ಉಂಟು ಅಂತ ರೆಕಾರ್ಡು ಬೇಕಲ್ಲ. ಒಬ್ಬರಾದರೂ ಇರಬೇಕು.’

ಟೀಚರ್ ಬಸ್ಸಿನಲ್ಲೇ ಮುಂದಿನ ಮನವಿ ಬರೆಯಲು ಕೂತರು. ನಾನು ಯೋಚನೆ ಮಾಡಿದೆ. ಒಬ್ಬ ಸತ್ತವನು ಬೇಕು. ಜೀವಂತ ಇರುವವರನ್ನು ಕೊಡಲು ಆಗುವುದಿಲ್ಲ. ಆದರೆ ಹುಟ್ಟದೆ ಇರುವವನನ್ನು ಸಾಯಿಸಿದರೆ ಯಾರಿಗೆ ನಷ್ಟ?

ಮರುದಿನ ಕಾಪುವಿಗೆ ಹೋದೆ, ಗುಣಪಾಲನ ಹೋಟೆಲಿಗೆ. ಡ್ರೈವರು ಕಂಡಕ್ಟರುಗಳೆಲ್ಲ ಚಾ ಕುಡಿಯುವುದು ಅಲ್ಲಿ. ಬನ್ಸ್ ಮುರಿಯುತ್ತಾ ಗುಣಪಾಲನಿಗೆ ಮೆಲ್ಲಗೆ ಹೇಳಿದೆ, ಮೆಲ್ಲಗೆ ಹೇಳಿದರೆ ಎಲ್ಲರಿಗೂ ಕೇಳುತ್ತದೆ. ಬ್ರಿಟಿಷರ ಕಾಲದಲ್ಲಿ ಈ ರಸ್ತೆಗೆ ಜಲ್ಲಿ ಹಾಸುವಾಗ ಗೋಳಿಕಟ್ಟೆ ತಿರುವಿನಲ್ಲಿ ಒಬ್ಬ ಆಳು ಲಾರಿಯ ಅಡಿಗೆ ಬಿದ್ದ. ಕೈ ಎತ್ತಿ ‘ಉಂತಯ್ಯಾ, ಉಂತಯ್ಯಾ’ ಅಂತ ಕೂಗಿದರೂ ಲಾರಿಯವನು ನಿಲ್ಲಿಸಲಿಲ್ಲ. ಈಗ ಅವನ ಪ್ರೇತ, ನಿಮ್ಮ ತುಳುವಿನ ಕುಲೆ, ಅಲ್ಲಿ ನಿಂತಿದೆ. ಓಡಿಸಿಕೊಂಡು ಹೋಗುವವರ ಲೆಕ್ಕ ಇಡುತ್ತದೆ. ಹೆಸರು ಉಂತಯ್ಯ. ಮದುವೆ ನಿಶ್ಚಯ ಆಗಿತ್ತು, ಪಾಪ, ಅಂತಲೂ ಸೇರಿಸಿದೆ. ಗುಣಪಾಲನ ಹೆಂಡತಿ ದೋಸೆ ಕಾವಲಿಯ ಎದುರು ಕಣ್ಣು ಒರಸಿಕೊಂಡಳು.

ವಾಪಸು ಬಂದು ಗೋಳಿ ಮರದ ಬುಡದಲ್ಲಿ ಒಂದು ಕಲ್ಲು ನಿಲ್ಲಿಸಿ ಸುಣ್ಣ ಬಳಿದೆ. ಟೀಚರಿಗೆ ಹೇಳಲಿಲ್ಲ. ಹೇಳಿದರೆ ನಿರ್ಣಯ ಪಾಸು ಮಾಡಬೇಕು ಅನ್ನುತ್ತಾರೆ.

ಸಿಲ್ವೆಸ್ಟರ್

*

ಗೋಳಿಕಟ್ಟೆ
೨೦ ಡಿಸೆಂಬರ್ ೧೯೭೮

ಪ್ರೀತಿಯ ಉಮಾನಾಥ,

ಕ್ರಿಸ್ಮಸ್ ಬಂತಲ್ಲ, ನಮ್ಮ ನಟಾಲಿನ ತಿಂಡಿ ಕುಸ್ವಾರ್ ಕಳಿಸಿದ್ದೇನೆ. ನನ್ನ ತಂಗಿ ಎಸ್ತರ್ ಮಾಡಿದ್ದು, ಕಲ್ಕಲ್ಸ್ ಕಲ್ಲಿನ ಹಾಗೆ ಉಂಟು, ಹಲ್ಲಿನ ಮೇಲೆ ಮೋಹ ಇದ್ದರೆ ಚಾದಲ್ಲಿ ಅದ್ದಿ ತಿನ್ನು.

ಮಾರಾಯ, ಬಸ್ ಉಂತುತ್ತದೆ. ಉಬ್ಬು ಬರಲಿಲ್ಲ, ಧಣಿಗಳು ಬಗ್ಗಲಿಲ್ಲ, ಹುಟ್ಟದೆ ಸತ್ತವನು ಒಬ್ಬನೇ ಕೆಲಸ ಮಾಡಿದ. ತಿರುವು ಬಂದರೆ ಡ್ರೈವರುಗಳು ಗೇರು ಇಳಿಸುತ್ತಾರೆ. ಭೋಜ ಬೆಳಿಗ್ಗೆ ಬರುವಾಗ ಕಲ್ಲಿಗೆ ಒಂದು ದಾಸವಾಳ ಬಿಸಾಡುತ್ತಾನೆ. ನೀಲಿ ಬಸ್ಸಿನವನು ಮುಸ್ಲಿಮ್, ಅವನೂ ಏನೋ ಮಣಮಣ ಹೇಳಿ ಬ್ರೇಕು ತುಳಿಯುತ್ತಾನೆ. ಲಿಡ್ವಿನ್ ಟೀಚರ್ ಮೀಟಿಂಗಿನಲ್ಲಿ ‘ನಮ್ಮ ಮನವಿಗಳ ಫಲ’ ಅಂತ ಭಾಷಣ ಮಾಡಿದರು. ನಾನು ಚಪ್ಪಾಳೆ ತಟ್ಟಿದೆ.

ಈಗ ಹೇಳಬಹುದು, ಹೇಳುತ್ತೇನೆ. ಬೈಯಬೇಡ. ಇಷ್ಟು ದಿನ ಸುಗಂಧಿ ಓಡುವ ಬಸ್ಸಿನಿಂದ ಹಾರುತ್ತಿದ್ದಳು. ಭೋಜ ತಿರುವಿನಲ್ಲಿ ಒಂದು ಚೂರು ನಿಧಾನ ಮಾಡುವುದು, ಕಂಡಕ್ಟರ್ ತಗಡಿಗೆ ಬಡಿಯುವುದು, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ನಿಲ್ಲುವುದು. ಒಂದು ದಿನ ಮೊಣಕಾಲು ಕೆತ್ತಿಕೊಂಡು ನಮ್ಮ ಜಗಲಿಗೆ ಬಂದಳು. ‘ಮಾಮ, ಅಣ್ಣನಿಗೆ ಬರೆದರೆ ನಿಮ್ಮ ಮೇಲೆ ಆಣೆ. ನನ್ನನ್ನು ಮನೆಯಲ್ಲಿ ಕೂರಿಸುತ್ತಾನೆ. ವಾರ್ಡಿನಲ್ಲಿ ನಾನು ಒಬ್ಬಳು ಮನುಷ್ಯಳು, ಮನೆಯಲ್ಲಿ ಬರೀ ಮದುವೆಗೆ ಬಾಕಿ’ ಅಂದಳು. ಅದಕ್ಕೆ ರಾಣಿ ಗೀಣಿ ಅಂತ ಬರೆದೆ.

ಈಗ ನಿಜವಾಗಿ ರಾಣಿಯ ಹಾಗೆ ಇಳಿಯುತ್ತಾಳೆ. ನಿನ್ನೆ ಇಳಿದು ಕಲ್ಲಿಗೆ ಕೈ ಮುಗಿದು, ನನ್ನ ಕಡೆ ಒಂದು ಕಣ್ಣು ಮಿಟುಕಿಸಿ ಹೋದಳು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಸುಣ್ಣ ಬಳಿದ ಕೈ ನನ್ನದು ಅಂತ.

ಸಿಲ್ವೆಸ್ಟರ್

*

ಬೊಂಬಾಯಿ
೨೧ ಜನವರಿ ೧೯೭೯

ಪ್ರೀತಿಯ ಸಿಲ್ವುಮಾಮ,

ಬೈಯಬೇಕು ಅಂತ ಪೆನ್ನು ತೆಗೆದೆ, ಆಗಲಿಲ್ಲ. ಉಂತಯ್ಯ. ಎರಡು ದಿನ ಡ್ಯೂಟಿಯಲ್ಲಿ ಒಬ್ಬನೇ ನಕ್ಕೆ. ಮಿಲ್ಲಿನ ಸೂಪರ್‌ವೈಸರ್ ಜ್ವರವಾ ಅಂತ ಕೇಳಿದ.

ತಂಗಿ ಹಾರುತ್ತಿದ್ದಳು ಅನ್ನುವ ಸಾಲನ್ನು ಮೂರು ಸಲ ಓದಿದೆ. ಆದರೆ ಈಗ ನಿಲ್ಲುತ್ತದಲ್ಲ. ನಿಲ್ಲುವಷ್ಟು ದಿನ ಅವಳು ಕೆಲಸಕ್ಕೆ ಹೋಗಲಿ. ಅಮ್ಮನಿಗೆ ನಾನು ಹೇಳುತ್ತೇನೆ.

ಒಂದು ವಿಷಯ ಮಾತ್ರ ಯೋಚನೆ ಮಾಡಿದೆ ಮಾಮ. ಹೆದರಿಕೆ ಹಳತಾಗುತ್ತದೆ. ಆರು ತಿಂಗಳು ಕಳೆದರೆ ಉಂತಯ್ಯ ಬರೀ ನಿಂತಿದ್ದಾನೆ, ಎಂತದೂ ಮಾಡುವುದಿಲ್ಲ ಅಂತ ಡ್ರೈವರುಗಳಿಗೆ ಗೊತ್ತಾಗುತ್ತದೆ. ಆಮೇಲೆ ಮೊದಲಿನ ಓಟವೇ. ಅದಕ್ಕೆ ನಾನು ಇಲ್ಲಿಂದ ಒಂದು ಚೂರು ಬಣ್ಣ ಕೊಟ್ಟಿದ್ದೇನೆ. ನಿಮ್ಮ ಶಿಷ್ಯ ತಾನೆ. ಊರಿಗೆ ಹೋಗುವವರಿಗೆಲ್ಲ ಹೇಳಿ ಕಳಿಸುತ್ತಿದ್ದೇನೆ: ಉಂತಯ್ಯ ಸುಮ್ಮನೆ ನಿಂತದ್ದಲ್ಲ, ಮಸುಕಾದ ಮೇಲೆ ಬಸ್ ಹತ್ತುತ್ತಾನೆ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಕಾರ್ಕಳಕ್ಕೆ ಮುಟ್ಟುವಾಗ ಡ್ರೈವರನ ಕುತ್ತಿಗೆ ತಣ್ಣಗಾಗಿರುತ್ತದೆ.

ಹೇಗುಂಟು? ಘಾಟ್‌ಕೋಪರ್‌ನಲ್ಲಿ ಕೇಳಿದವರು ಕುತ್ತಿಗೆ ಮುಟ್ಟಿ ನೋಡಿಕೊಂಡರು.

ನಿಮ್ಮ
ಉಮಾನಾಥ

*

ಗೋಳಿಕಟ್ಟೆ
೨೬ ಏಪ್ರಿಲ್ ೧೯೭೯

ಪ್ರೀತಿಯ ಉಮಾನಾಥ,

ಬೇಸಗೆ ರಜೆಗೆ ಬೊಂಬಾಯಿಯವರು ತುಂಬ ಜನ ಬಂದರು. ಊರು ತುಂಬ ಸೆಂಟಿನ ವಾಸನೆ.

ಬಸ್ ನಿಲ್ಲುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ ತೊಂದರೆ ಇಲ್ಲ. ಬಿಸಿಲು ಇಳಿದ ಮೇಲೆ ಮಾತ್ರ, ತಿರುವು ಹತ್ತಿರ ಬಂದ ಹಾಗೆ ಕಿಟಕಿಯ ಟರ್ಪಾಲು ಇಳಿಸಿ, ಬಾಗಿಲಿಗೆ ಸರಪಳಿ ಹಾಕಿ, ಮೊದಲಿಗಿಂತ ಹೆಚ್ಚು ಓಡಿಸುತ್ತಾರೆ. ನಿಲ್ಲಿಸಿದರೆ ಉಂತಯ್ಯ ಹತ್ತುತ್ತಾನಂತೆ. ಅವನು ಹತ್ತುತ್ತಾನೆ ಅಂತ ಯಾರು ಸೇರಿಸಿದರೋ. ಬಾಯಿಂದ ಬಾಯಿಗೆ ಹೋಗುವಾಗ ಕತೆಗೆ ಕೈ ಬರುತ್ತದೆ, ಕಾಲು ಬರುತ್ತದೆ. ಇದಕ್ಕೆ ಟಿಕೆಟು ಬಂತು.

ಸುಗಂಧಿ ಈಗ ತಿರುವು ದಾಟಿ ಮುಂದಿನ ಸ್ಟಾಪಿನಲ್ಲಿ, ಹಾಲಿನ ಸೊಸೈಟಿಯ ಹತ್ತಿರ ಇಳಿದು ಹಿಂದೆ ನಡೆದು ಬರುತ್ತಾಳೆ. ಬಸ್ಸುಗಳು ಪಕ್ಕದಲ್ಲೇ ಹಾರಿಕೊಂಡು ಹೋಗುತ್ತವೆ, ರಸ್ತೆಗೆ ಅಂಚು ಇಲ್ಲ. ನಾನು ಟಾರ್ಚು ಹಿಡಿದು ಸೊಸೈಟಿಗೆ ಹೋಗುತ್ತೇನೆ, ಗಂಟು ನೋವು ಇಲ್ಲದ ದಿನ.

ಮೊನ್ನೆ ಗುಣಪಾಲನ ಹೋಟೆಲಿಗೆ ಹೋಗಿ ಎಲ್ಲರ ಎದುರು ಹೇಳಿದೆ. ಉಂತಯ್ಯ ಇಲ್ಲ, ನಾನು ಮಾಡಿದ ಸುಳ್ಳು, ಕಲ್ಲು ನನ್ನ ಹಟ್ಟಿಯದ್ದು, ಸುಣ್ಣ ನನ್ನದು. ಭೋಜ ಚಾದ ಗ್ಲಾಸು ಕೆಳಗೆ ಇಟ್ಟ.

‘ಸಿಲ್ವುಮಾಮ, ನಿಮ್ಮ ತಮಾಷೆ ನಮಗೆ ಗೊತ್ತುಂಟು’ ಅಂದ. ‘ಕುಲೆ ಇಲ್ಲ ಅಂತ ನಂಬಿಸಿ ನಮ್ಮಿಂದ ನಿಲ್ಲಿಸುವುದು, ಆಮೇಲೆ ಅದನ್ನು ನನ್ನ ಬೆನ್ನ ಹಿಂದೆ ಕೂರಿಸಿ ನೀವು ನಗುವುದು. ಅಲ್ವಾ?’

‘ಭೋಜ, ಏಸುವಿನ ಆಣೆ.’

‘ನಿಮ್ಮ ಸಮಿತಿಗೆ ಸ್ಟಾಪು ಬೇಕು, ಅದಕ್ಕೆ ಆಣೆ ಹಾಕುತ್ತೀರಿ. ನನಗೆ ಮನೆಯಲ್ಲಿ ಸಣ್ಣ ಮಕ್ಕಳು.’

ಎ‍ಲ್ಲರೂ ಹೌದು ಹೌದು ಅಂದರು. ಸುಳ್ಳನ್ನು ನಂಬಿದವರು ನಿಜ ಹೇಳುವಾಗ ನಕ್ಕರು. ಇಷ್ಟು ವರ್ಷದ ಕೀಟಲೆಯಲ್ಲಿ ಇಂಥ ಒಂದು ಕೀಟಲೆ ನನಗೂ ಹೊಳೆದಿರಲಿಲ್ಲ.

ಕಲ್ಲನ್ನು ಕಿತ್ತು ಬಿಸಾಡಿದೆ. ಮರುದಿನ ಯಾರೋ ತಂದು ಮತ್ತೆ ನಿಲ್ಲಿಸಿದ್ದರು, ಬುಡಕ್ಕೆ ಸಿಮೆಂಟು ಹಾಕಿ.

ಸಿಲ್ವೆಸ್ಟರ್

*

ಬೊಂಬಾಯಿ
೨೦ ಮೇ ೧೯೭೯

ಸಿಲ್ವುಮಾಮನಿಗೆ,

ಪತ್ರ ಸಿಕ್ಕಿತು. ಇಲ್ಲಿ ಮಿಲ್ಲಿನಲ್ಲಿ ಗಲಾಟೆ, ಜಾಸ್ತಿ ಬರೆಯಲು ಪುರುಸೊತ್ತಿಲ್ಲ.

ಸುಗಂಧಿಗೆ ಒಂದು ಸಂಬಂಧ ನೋಡಿದ್ದೇನೆ. ಎರ್ಮಾಳಿನವರು, ಹುಡುಗ ಇಲ್ಲಿ ಭಾಂಡುಪ್‌ನಲ್ಲಿ ಇದ್ದಾನೆ, ನರ್ಸ್ ಆದರೆ ಒಳ್ಳೆಯದೇ, ಇಲ್ಲಿಯೂ ಆಸ್ಪತ್ರೆ ಉಂಟು ಅನ್ನುತ್ತಾನೆ. ಸೋಣ ತಿಂಗಳಲ್ಲಿ, ಆಗಸ್ಟ್ ಕೊನೆಗೆ, ಬಂದು ಮಾತು ಮುಗಿಸುತ್ತೇನೆ. ಅಷ್ಟರವರೆಗೆ ಸೊಸೈಟಿಯಿಂದ ನಡೆಯಲಿ. ಅವಳು ಬರೆಯುತ್ತಾಳೆ, ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಅಂತ.

ನೀವು ಇನ್ನು ಹೊಸತಾಗಿ ಎಂತದೂ ಮಾಡಬೇಡಿ. ಕೈ ಮುಗಿಯುತ್ತೇನೆ.

ಉಮಾನಾಥ

*

ಬೊಂಬಾಯಿ
೧೨ ಆಗಸ್ಟ್ ೧೯೭೯

ಶ್ರೀ ಸಿಲ್ವೆಸ್ಟರ್ ಅವರಿಗೆ,

ಸುಗಂಧಿಯ ಉತ್ತರಕ್ರಿಯೆ, ಬೊಜ್ಜ, ಮುಗಿಸಿ ಮೊನ್ನೆ ಇಲ್ಲಿಗೆ ಮುಟ್ಟಿದೆ. ಊರಿನಲ್ಲಿ ಇರುವಾಗ ನೀವು ನನ್ನ ಮುಖ ನೋಡಿ ಮಾತಾಡಲಿಲ್ಲ. ಇಗರ್ಜಿಯಿಂದ ಮೇಣದಬತ್ತಿ ತಂದು ಜಗಲಿಯಲ್ಲಿ ಇಟ್ಟು ಹೋದಿರಿ. ಅಳು ಬಂದು ಹೋದಿರಿ ಅಂತ ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ.

ಹೊರಡುವ ಮೊದಲು ನನ್ನನ್ನು ಪೊಲೀಸ್ ಸ್ಟೇಶನಿಗೆ ಕರೆದಿದ್ದರು. ಭೋಜನ ಹೇಳಿಕೆಯನ್ನು ಓದಿ ಹೇಳಿದರು. ಆ ದಿನ ವಿಪರೀತ ಮಳೆ, ಸೊಸೈಟಿಯ ಮೋರಿಯ ಮೇಲೆ ನೀರು ಹೋಗುತ್ತಿತ್ತು, ಅಲ್ಲಿ ಇಳಿದರೆ ಹಿಂದೆ ನಡೆಯಲು ಆಗುವ ಹಾಗಿರಲಿಲ್ಲ. ಸುಗಂಧಿ ಗೋಳಿಕಟ್ಟೆಯಲ್ಲಿ ನಿಲ್ಲಿಸಲು ಕೇಳಿದ್ದಾಳೆ, ಭೋಜ ಒಪ್ಪಲಿಲ್ಲ. ಅವಳು ಸರಪಳಿ ಬಿಚ್ಚಿ ಮೆಟ್ಟಿಲಿನಲ್ಲಿ ನಿಂತಿದ್ದಾಳೆ. ತಿರುವಿಗೆ ಬರುವಾಗ ರಸ್ತೆಯ ನಡುವೆ ಒಂದು ರೂಪ ಇತ್ತಂತೆ. ತಲೆಯ ಮೇಲೆ ಕಪ್ಪಗೆ ದೊಡ್ಡದು. ಒಂದು ಕೈ ಎತ್ತಿ ‘ಉಂತು, ಉಂತು’ ಅಂತ ಕೂಗಿತಂತೆ. ಭೋಜ ಕಣ್ಣು ಮುಚ್ಚಿ ಆಕ್ಸಿಲರೇಟರ್ ತುಳಿದು ಬಲಕ್ಕೆ ಎಳೆದಿದ್ದಾನೆ. ಅವಳು ಕಂಬಿ ಬಿಟ್ಟಿದ್ದಳು. ಬಸ್ ನಿಲ್ಲುತ್ತದೆ ಅಂತ ಬಿಟ್ಟಿದ್ದಳು.

ಕಂಡಕ್ಟರ್ ಇನ್ನೊಂದು ಮಾತು ಹೇಳಿದ್ದಾನೆ. ಆ ರೂಪವನ್ನು ಕಂಡು ಅವಳು ನಕ್ಕಳಂತೆ. ಗುರುತು ಸಿಕ್ಕಿದವರನ್ನು ಕಂಡ ಹಾಗೆ.

ಕುಲೆಯನ್ನು ಕಂಡು ಯಾರೂ ನಗುವುದಿಲ್ಲ. ಸ್ಟೇಶನಿನಲ್ಲಿ ನಾನು ಎಂತದೂ ಹೇಳಲಿಲ್ಲ. ಅಷ್ಟು ದೊಡ್ಡ ಕೊಡೆ ಗೋಳಿಕಟ್ಟೆಯಲ್ಲಿ ಒಬ್ಬರ ಹತ್ತಿರವೇ ಇರುವುದು.

ಎಂತದೂ ಮಾಡಬೇಡಿ ಅಂತ ಬರೆದಿದ್ದೆ. ನಿಮ್ಮ ತಮಾಷೆ ನನ್ನ ತಂಗಿಯನ್ನು ತಿಂದಿತು.

ಉಮಾನಾಥ

*

ಗೋಳಿಕಟ್ಟೆ
೩ ಸೆಪ್ಟೆಂಬರ್ ೧೯೭೯

ಉಮಾನಾಥ,

ಕೊಡೆ ನನ್ನದೇ.

ನೀನು ಬರೆದದ್ದರಲ್ಲಿ ತಿದ್ದುವಂಥದ್ದು ಎಂತದೂ ಇಲ್ಲ. ಸೇರಿಸುವಂಥದ್ದೂ ಇಲ್ಲ.

ಸಿಲ್ವೆಸ್ಟರ್

*

ಗೋಳಿಕಟ್ಟೆ
೨೨ ಜೂನ್ ೧೯೮೦

ಉಮಾನಾಥ,

ಬರೆಯಬಾರದು ಅಂತ ಇದ್ದೆ. ನಿನ್ನ ಅಮ್ಮ ಬರೆಯಲು ಹೇಳಿದರು. ಅವರಿಗೆ ಅಕ್ಷರ ಬರುವುದಿಲ್ಲ, ಹತ್ತಿರದಲ್ಲಿ ಅಕ್ಷರ ಬರುವವನು ನಾನು.

ಮೊದಲು ರಸ್ತೆಯ ಸುದ್ದಿ. ಉಬ್ಬು ಬಂತು. ಸೊಸೈಟಿಯ ಎದುರು ಹಾಕಿದರು, ಅಲ್ಲಿ ರಸ್ತೆ ನೇರ. ಲಿಡ್ವಿನ್ ಟೀಚರ್ ಹೋಗಿ ಕೇಳಿದ್ದಕ್ಕೆ, ಫೈಲಿನಲ್ಲಿ ಹಾಗೆ ಉಂಟು ಅಂದರಂತೆ. ಬಸ್ ಗೋಳಿಕಟ್ಟೆಯಲ್ಲಿ ಈಗ ಹಗಲಿಗೂ ನಿಲ್ಲುವುದಿಲ್ಲ. ಅಲ್ಲಿ ಇಬ್ಬರು ನಿಂತಿದ್ದಾರೆ ಅನ್ನುತ್ತಾರೆ. ಶಾಲೆಯ ಹೆಣ್ಣು ಮಕ್ಕಳು ಸೊಸೈಟಿಯಿಂದ ರಸ್ತೆಯ ಮೇಲೇ ನಡೆದು ಬರುತ್ತಾರೆ.

ಇನ್ನು ಅಮ್ಮನದ್ದು. ಸುಗಂಧಿ ಅವರ ಕನಸಿಗೆ ಬರುತ್ತಾಳಂತೆ. ಒದ್ದೆ ಸೀರೆಯಲ್ಲಿ ಅಂಗಳದಲ್ಲಿ ನಿಲ್ಲುತ್ತಾಳೆ, ಒಳಗೆ ಬಾ ಅಂದರೆ ಬರುವುದಿಲ್ಲ. ಪೆರ್ಡೂರಿಗೆ ಹೋಗಿ ಜೋಯಿಸ ಬಲ್ಯಾಯರಲ್ಲಿ ಕೇಳಿಸಿದ್ದಾರೆ. ಮದುವೆ ಆಗದೆ ಹೋದವಳು, ಸತ್ತವನೊಬ್ಬನಿಗೆ ಮದುವೆ ಮಾಡಿಕೊಡಿ, ಆಮೇಲೆ ಶಾಂತಿ ಅಂತ ಹೇಳಿದ್ದಾರೆ. ನಿಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಮಾಡುವ ಕ್ರಮ ಉಂಟಲ್ಲ.

ಸತ್ತ ಹುಡುಗ ಇರುವ ಮನೆಗಳನ್ನು ಅಮ್ಮ ವಿಚಾರಿಸಿದರು. ಆಮೇಲೆ ಮೊನ್ನೆ ನಮ್ಮ ಜಗಲಿಗೆ ಬಂದು ಕೂತರು. ‘ದೂರ ಎಲ್ಲ ಯಾಕೆ ಸಿಲ್ವು, ಅಲ್ಲಿಯೇ ಒಬ್ಬ ಇದ್ದಾನಲ್ಲ’ ಅಂದರು. ‘ಅವನಿಗೂ ಮದುವೆ ಆಗಿರಲಿಲ್ಲವಂತೆ. ಇಬ್ಬರೂ ಒಂದೇ ಕಡೆ ಇರುವವರು. ಅವನ ಬರಿ ಯಾವುದು?’

ಎರಡೂ ಕಡೆಯದ್ದು ಒಂದೇ ಬರಿ ಆದರೆ, ಒಂದೇ ತಾಯಿಯ ಕುಲ ಆದರೆ, ಮದುವೆ ಆಗುವುದಿಲ್ಲ, ಅದಕ್ಕೆ ಕೇಳಿದ್ದು. ‘ಬರೀ ಸುಳ್ಳು’ ಅಂತ ನನ್ನ ನಾಲಿಗೆಯ ತುದಿಗೆ ಬಂತು. ಜನ್ಮದಲ್ಲಿ ಮೊದಲ ಸಲ ಹಾಗೆ ಬಂದದ್ದನ್ನು ನುಂಗಿದೆ.

ಆದರೆ ನಿಜ ಹೇಳಿದೆ ಮಾರಾಯ, ಹೇಳಲಿಲ್ಲ ಅಂತ ತಿಳಿಯಬೇಡ. ‘ಅಕ್ಕಾ, ಅಂಥವನು ಇಲ್ಲ’ ಅಂದೆ.

ಅವರು ನನ್ನನ್ನೇ ನೋಡಿದರು. ‘ಹೌದು, ಇಲ್ಲ’ ಅಂದರು. ‘ಇರುವವನಿಗೆ ಕೊಡಲು ನನ್ನ ಮಗಳು ಇದ್ದಾಳಾ?’

ಆಮೇಲೆ ಅವರೇ, ಅವನ ಕಡೆಗೆ ಯಾರೂ ಇಲ್ಲ, ಅವನ ಕತೆ ಗೊತ್ತಿರುವವರು ನೀವೊಬ್ಬರೇ, ಗಂಡಿನ ಕಡೆಯ ಹಿರಿಯನಾಗಿ ನೀವು ಕೂರಬೇಕು ಅಂತ ಹೇಳಿ ಎದ್ದು ಹೋದರು.

ಭೋಜನೂ ಬಂದಿದ್ದ. ಕೇಸು ಇನ್ನೂ ಉಂಟು, ಕಂಪೆನಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಸೊರಗಿದ್ದಾನೆ. ಮದುವೆ ಆದರೆ ಅವರಿಬ್ಬರಿಗೂ ಒಂದು ಮನೆ ಆಗುತ್ತದೆ, ಮತ್ತೆ ಯಾರ ಬಸ್ಸಿಗೂ ಬರುವುದಿಲ್ಲ, ನಾನೇ ಮೊದಲು ನಿಲ್ಲಿಸುತ್ತೇನೆ ಅಂದ. ಟೀಚರ್ ಸಿಟ್ಟಾಗಿದ್ದಾರೆ. ‘ನಾವು ಸರಕಾರದ ಹತ್ತಿರ ಉಬ್ಬು ಕೇಳಿದ್ದು, ದೆವ್ವಗಳ ಹತ್ತಿರ ಮದುವೆ ಅಲ್ಲ’ ಅಂತ ಸಮಿತಿಗೆ ರಾಜೀನಾಮೆ ಕೊಟ್ಟರು. ಅವರು ಹೇಳಿದ್ದು ಸರಿ.

ನೀನು ಬೇಡ ಅಂತ ಬರೆದರೆ ಅಮ್ಮನ ಎದುರು ಕೂತು ಎಲ್ಲ ಹೇಳುತ್ತೇನೆ. ಕೊಡೆಯ ಸಮೇತ. ನಿನ್ನ ಉತ್ತರ ಬರುವವರೆಗೆ ಸುಮ್ಮನಿರುತ್ತೇನೆ.

ಸಿಲ್ವೆಸ್ಟರ್

*

ಬೊಂಬಾಯಿ
೧೦ ಜುಲೈ ೧೯೮೦

ಸಿಲ್ವುಮಾಮನಿಗೆ,

ಹೇಳಬೇಡಿ. ಅಮ್ಮನಿಗೆ ಅದು ಬೇಡ.

ಕೂತುಕೊಳ್ಳಿ. ನಮ್ಮದು ಬಂಗೇರ ಬರಿ. ಅವನದ್ದು ಸಾಲ್ಯಾನ್ ಇರಲಿ. ಕಾರ್ಕಳದ ಆಚೆಯ ಯಾವುದಾದರೂ ಊರು ಹೇಳಿ, ಅಮ್ಮ ಅಲ್ಲಿಗೆ ಹೋಗಿ ವಿಚಾರಿಸುವವರಲ್ಲ. ಕುಡಿಯುತ್ತಿರಲಿಲ್ಲ ಅನ್ನಿ. ಸಿಟ್ಟು ಕಡಿಮೆ ಅನ್ನಿ. ತಾಯಿ ಇರಲಿಲ್ಲ ಅನ್ನಿ, ಸುಗಂಧಿಗೆ ಅತ್ತೆಯ ಕಾಟ ಬೇಡ. ಓದಿದ ಹುಡುಗಿ ಅಂತ ಅವಳನ್ನು ಹಂಗಿಸದವನು ಅನ್ನಿ.

ಅವನು ಬಸ್ ಹತ್ತುವುದಿಲ್ಲ. ಇದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಹತ್ತುತ್ತಾನೆ ಅನ್ನುವುದು ಬೊಂಬಾಯಿಯಲ್ಲಿ ಯಾರೋ ಒಬ್ಬ ಸೇರಿಸಿದ್ದು. ಅವನಿಗೆ ಆ ರಸ್ತೆಯ ವಿಷಯ ಎಂತದೂ ಗೊತ್ತಿರಲಿಲ್ಲ.

ನೀವು ಒಂದು ವರ್ಷ ಆ ಮಾತನ್ನು ನನಗೆ ಬರೆಯಲಿಲ್ಲ.

ನಾನು ಬರುವುದಿಲ್ಲ. ರಜೆ ಉಂಟು. ಬರುವುದಿಲ್ಲ.

ಉಮಾನಾಥ

*

ಗೋಳಿಕಟ್ಟೆ
೯ ಆಗಸ್ಟ್ ೧೯೮೦

ಪ್ರೀತಿಯ ಉಮಾನಾಥ,

ಆಯಿತು.

ನಿಮ್ಮ ಚಾವಡಿಯಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಒಂದು ವೇಷ್ಟಿ, ಶಾಲು. ವೇಷ್ಟಿ ನಾನು ಉಡುಪಿಯಿಂದ ತಂದದ್ದು, ಗಂಡಿನ ಕಡೆಯದ್ದು ಅಂತ ಒಂದಾದರೂ ಬೇಕಲ್ಲ. ಎಸ್ತರ್ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಪಾದ್ರಿಗಳು ಕೇಳಿದರೆ ಎಂತ ಹೇಳುವುದು ಅಂತ ಇನ್ನೂ ಯೋಚನೆ ಮಾಡಲಿಲ್ಲ.

ನಿನ್ನ ಅಮ್ಮ ಎಲ್ಲವನ್ನೂ ಕ್ರಮದಲ್ಲಿ ಕೇಳಿದರು, ಬದುಕಿದ್ದ ಮಗಳಿಗೆ ಕೇಳುವ ಹಾಗೆ. ಬರಿ ಕೇಳಿದರು, ಹೇಳಿದೆ. ಕುಡಿಯುತ್ತಾನಾ ಕೇಳಿದರು. ಇಲ್ಲ ಅಂದೆ. ‘ಕೆಲಸ ಎಂತ?’ ಅಂದರು. ಅದನ್ನು ನೀನು ಬರೆದಿರಲಿಲ್ಲ. ‘ರಸ್ತೆಯದ್ದು’ ಅಂದೆ. ನಿನ್ನ ಸಣ್ಣ ಮಾವ ಒಬ್ಬರು ಹಿಂದಿನಿಂದ ‘ಪರ್ಮನೆಂಟಾ?’ ಅಂತ ಕೇಳಿದರು. ಯಾರೂ ನಗಲಿಲ್ಲ. ಅವರು ತಮಾಷೆಗೆ ಕೇಳಿದ್ದೂ ಅಲ್ಲ. ‘ಹೌದು, ಪರ್ಮನೆಂಟ್’ ಅಂದೆ.

ಬಸ್ ಹತ್ತುವುದಿಲ್ಲ ಅಂತ ದೊಡ್ಡದಾಗಿ ಹೇಳಿದೆ. ಭೋಜ ಬಾಗಿಲಿನ ಹೊರಗೆ ನಿಂತಿದ್ದ, ಒಳಗೆ ಬರಲು ಧೈರ್ಯ ಇಲ್ಲದೆ. ‘ಇನ್ನೊಮ್ಮೆ ಹೇಳಿ ಮಾಮ’ ಅಂದ. ಇನ್ನೊಮ್ಮೆ ಹೇಳಿದೆ.

ಸೀರೆಯ ಸೆರಗಿಗೂ ವೇಷ್ಟಿಗೂ ಗಂಟು ಹಾಕಿದರು. ಆ ಗಂಟನ್ನು ಅಮ್ಮ ನನ್ನ ಕೈಯಲ್ಲಿ ಇಟ್ಟರು. ‘ಡ್ಯೂಟಿಯಿಂದ ಬಂದ ಕೂಡಲೇ ಮಾತಾಡಿಸಬೇಡಿ, ಅವಳಿಗೆ ತಲೆನೋವು ಬರುತ್ತದೆ. ಮೊದಲು ಚಾ ಕೊಡಿ’ ಅಂದರು. ಆಗಲಿ ಅಂದೆ.

ಮರುದಿನ ಸಂಜೆ ಮಳೆ ಬಿಟ್ಟಿತ್ತು. ನಾನು ರಸ್ತೆಗೆ ಹೋಗಲಿಲ್ಲ, ನಿಮ್ಮ ಗೇಟಿನ ಒಳಗೇ ಅಮ್ಮನ ಪಕ್ಕ ನಿಂತೆ. ಕೆಂಪು ಬಸ್ ಶಿರ್ವದ ಕಡೆಯಿಂದ ಬಂತು. ತಿರುವಿನ ಮೊದಲೇ ಗೇರು ಇಳಿಸಿದ ಶಬ್ದ ಕೇಳಿತು. ಕಲ್ಲಿನ ಹತ್ತಿರ ಬಂದು ನಿಂತಿತು, ಪೂರ್ತಿ ನಿಂತಿತು. ಕಂಡಕ್ಟರ್ ಸರಪಳಿ ತೆಗೆದು, ‘ಗೋಳಿಕಟ್ಟೆ, ಯಾರು ಇಳಿಯುವುದು’ ಅಂತ ಕೂಗಿದ. ಜನರಿಗೆ ಸೊಸೈಟಿಯಲ್ಲಿ ಇಳಿದು ಅಭ್ಯಾಸ ಆಗಿದೆ. ಯಾರೂ ಏಳಲಿಲ್ಲ. ಭೋಜ ಆದರೂ ಬಸ್ ಬಿಡಲಿಲ್ಲ, ಎರಡು ಕೈಯನ್ನೂ ಸ್ಟೇರಿಂಗಿನ ಮೇಲೆ ಇಟ್ಟು ಎದುರು ನೋಡಿಕೊಂಡು ಕೂತಿದ್ದ. ಆಮೇಲೆ ಬಸ್ ಹೋಯಿತು.

ಅಮ್ಮನಿಗೆ ಈಗ ಕಣ್ಣು ಅಷ್ಟು ದೂರ ಕಾಣುವುದಿಲ್ಲ.

‘ಇಳಿದಳಾ?’ ಅಂತ ಕೇಳಿದರು.

ಇಳಿದಳು ಅಂದೆ.

ಸಿಲ್ವೆಸ್ಟರ್